ಮಹಾವೀರಾಚಾರ್ಯನ ಸಂಖ್ಯಾಕಂಠಿಕೆ



ಹಂಸಭಾವಿಯ ಸುತ್ತಣ ನಾಡು, ಎಂದರೆ ಇಂದು ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಎಂಬ ತಾಲೂಕುಗಳಾಗಿ ಹಂಚಿಹೋಗಿರುವ ನಮ್ಮ ಸೀಮೆ, ಪೂರ್ವಕಾಲದಲ್ಲಿ ಸಂಖ್ಯೆಗಳನ್ನು ಕೂಡಿಸಿಕೊಂಡೇ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದಿತು. ಬನವಾಸಿ ಪನ್ನಿರ್ಚ್ಛಾಸಿರ, ಪಾನುಂಗಲ್ಲು ಐನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳು ನಾಡುಗಳನ್ನು ಕರೆಯುತ್ತವೆ; ದೇವಾಲಯಕ್ಕೆ ಬಿಟ್ಟ ಭೂಮಿ ಎಷ್ಟು ಮತ್ತರು, ನಂದಾದೀವಿಗೆಗೆ ಸಲ್ಲತಕ್ಕ ಎಣ್ಣೆ ಎಷ್ಟು ಸೊಲ್ಲಗೆ, ಸುಂಕದಿಂದ ಬಂದ ಗದ್ಯಾಣಗಳೆಷ್ಟು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿ ಮುಂದಿನ ಪೀಳಿಗೆಗೆ ಒಪ್ಪಿಸುತ್ತವೆ. ಇವೆಲ್ಲವೂ ವ್ಯವಹಾರದ ಸಂಖ್ಯೆಗಳು. ಭೂಮಿ, ಧಾನ್ಯ, ನಾಣ್ಯಗಳ ಬೆನ್ನುಹತ್ತಿ ಬಂದವುಗಳು. ಈ ಹೊತ್ತು ನಾನು ಅರಿಕೆಮಾಡಿಕೊಳ್ಳಬೇಕೆಂದಿರುವುದಾದರೋ ಯಾವ ವಸ್ತುವಿನ ಎಣಿಕೆಯೂ ಆಗಿರದೆ, ತಾನೇ ಒಂದು ವಸ್ತುವಾಗಿ ನಮ್ಮ ಮುಂದೆ ನಿಂತು, ನೋಡಿದಷ್ಟೂ ತನ್ನ ಗುಣಗಳನ್ನು ತೆರೆದು ತೋರುವ ಒಂದು ದೊಡ್ಡ ಪೂರ್ಣಾಂಕದ ವಿಷಯ. ಬಾನುಲಿಯಲ್ಲಿ ಸಂಖ್ಯೆಯನ್ನು ಕಣ್ಣಿಗೆ ತೋರಿಸಲಾಗದು. ಆದಕಾರಣ ಮನೆಯಲ್ಲಿ ಮಕ್ಕಳ ಪಾಟಿಯೂ ಬಳಪವೂ ಇದ್ದರೆ ಕೈಗೆತ್ತಿಕೊಂಡು ಕೂರಬೇಕೆಂದು ಪ್ರಾರ್ಥನೆ. ಒಂದರಿಂದ ಆರರವರೆಗೆ ಏರುಕ್ರಮದಲ್ಲಿ ಅಂಕಗಳನ್ನು ಬರೆಯಿರಿ. ಆರನ್ನು ಮುಟ್ಟಿದ ಮೇಲೆ ಐದು, ನಾಲ್ಕು, ಮೂರು, ಎರಡು, ಒಂದು ಎಂದು ಇಳಿದು ಬನ್ನಿರಿ. 12345654321 ಎಂಬ ಹನ್ನೊಂದು ಅಂಕಗಳ ಸಂಖ್ಯೆ ನಿಮ್ಮ ಪಾಟಿಯ ಮೇಲೆ ಮೂಡಿತು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಅದೇ.

ಈ ಸಂಖ್ಯೆ ನಮ್ಮದು. ಕ್ರಿಸ್ತಶಕ 850ರ ಸುಮಾರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ರಾಜ್ಯದಲ್ಲಿ ಬಾಳಿದ ಮಹಾವೀರಾಚಾರ್ಯನೆಂಬ ಜೈನ ಪಂಡಿತನು ತನ್ನ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇದನ್ನು ಹೇಳಿರುವನು, ಹೇಳುವಾಗಲೂ ಅಂಕಗಳನ್ನು ಒಂದೊಂದಾಗಿ ಎಣಿಸದೆ, ಒಂದರಿಂದ ಮೊದಲಾಗಿ ಆರರಲ್ಲಿ ಕೊನೆಮುಟ್ಟಿ ಮತ್ತೆ ಕ್ರಮವಾಗಿ ಕುಂದುತ್ತ ಬರುವುದೆಂದು ಅದರ ಆಕಾರವನ್ನೇ ವರ್ಣಿಸಿರುವನು. ಅದೇ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ಹುಟ್ಟಿತೆಂಬುದು ಕನ್ನಡಿಗರೆಲ್ಲರಿಗೂ ತಿಳಿದಿದೆ, ಆ ಗ್ರಂಥವು ತಿರುಳ್ಗನ್ನಡದ ನಾಡೆಂದು ಗುರುತಿಸಿದ ಎಡೆಗಳಲ್ಲಿ ಒಂದಾದ ಪುಲಿಗೆರೆಯು, ಇಂದಿನ ಲಕ್ಷ್ಮೇಶ್ವರವಾಗಿ, ಶಿಗ್ಗಾವಿ ಸವಣೂರುಗಳ ಮಗ್ಗುಲಲ್ಲಿಯೇ ಇದೆ. ರಾಜಧಾನಿಯಾದ ಮಾನ್ಯಖೇಟವು ದೂರದ ಕಾಗಿಣಾ ನದಿಯ ದಡದಲ್ಲಿದ್ದರೂ ಆ ರಾಜ್ಯದ ಒಂದು ಬಲವಾದ ಬೇರು ನಮ್ಮ ಸೀಮೆಯಲ್ಲಿದ್ದಿತು. ಅಮೋಘವರ್ಷನ ನೆಚ್ಚಿನ ಸೇನಾನಿಯಾಗಿ ಬನವಾಸಿ ನಾಡನ್ನಾಳಿದ ಬಂಕೇಯನ ಹೆಸರು ಶಿಗ್ಗಾವಿ ತಾಲೂಕಿನ ಬಂಕಾಪುರದಲ್ಲಿ ಇಂದಿಗೂ ಉಳಿದಿದೆ. ಅವನ ಮಗನಾದ ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿಸ್ತಶಕ 898ರಲ್ಲಿ, ಗುಣಭದ್ರಾಚಾರ್ಯನ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು. ಗುಣಭದ್ರನ ಗುರುವಾದ ಜಿನಸೇನನು ಅಮೋಘವರ್ಷನಿಗೂ ಪೂಜ್ಯನಾದವನು. ಕಾವ್ಯ, ಪುರಾಣ, ವ್ಯಾಕರಣ, ಗಣಿತ ಇವೆಲ್ಲವನ್ನೂ ಒಂದೇ ವಿದ್ಯೆಯ ಶಾಖೆಗಳೆಂದು ಬಗೆದ ಆ ಕಾಲದ ಜೈನ ಗುರುಪರಂಪರೆ ಮಾನ್ಯಖೇಟದಲ್ಲಿ ಬೆಳಗಿದಂತೆ ಬಂಕಾಪುರದಲ್ಲಿಯೂ ಬೆಳಗಿತು. ಅರವತ್ತು ಕಂಬದ ಗುಡಿಯನ್ನು ನೋಡಲೆಂದು ಬಂಕಾಪುರಕ್ಕೆ ಹೋಗುವ ನಮ್ಮ ಜನರು ಈ ಸಂಗತಿಯನ್ನೂ ನೆನೆಯಬೇಕೆಂಬುದು ನನ್ನ ಆಶಯ.

ಸಂಖ್ಯೆಯನ್ನು ನೋಡುವ ಮೊದಲು ಅದನ್ನು ಓದುವ ಬಗೆಯನ್ನು ತಿಳಿಯೋಣ. ಮಹಾವೀರಾಚಾರ್ಯನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿರುವನು: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಈ ಮಾಲೆಯ ಪ್ರಕಾರ ನಮ್ಮ ಸಂಖ್ಯೆಯ ತುದಿಯ ಒಂದು ಅರ್ಬುದಸ್ಥಾನದಲ್ಲಿಯೂ, ನಡುವಣ ಆರು ಲಕ್ಷಸ್ಥಾನದಲ್ಲಿಯೂ, ಕೊನೆಯ ಒಂದು ಏಕಸ್ಥಾನದಲ್ಲಿಯೂ ನಿಲ್ಲುತ್ತವೆ. ನಮ್ಮ ಇಂದಿನ ರೂಢಿಯಂತೆ ಹೇಳುವುದಾದರೆ ಅದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ದೊಡ್ಡದು, ನಿಜ, ಆದರೆ ಜಗತ್ತು ಇದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆಗಳನ್ನು ಕಂಡಿದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ನೆಯ ಇಸವಿಯ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು, ಎಂದರೆ 7686369774870 ಮತ್ತು 2465099745779 ಇವುಗಳನ್ನು, 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ 18947668177995426462773730 ಎಂಬ ಉತ್ತರವನ್ನು ಕೊಟ್ಟರು. ಈ ಉತ್ತರದಲ್ಲಿ ಇಪ್ಪತ್ತಾರು ಅಂಕಗಳಿವೆ. ಮಹಾಕ್ಷೋಭವನ್ನೂ ದಾಟಿ ಎರಡು ಸ್ಥಾನ ಮುಂದೆ ಹೋದ ಸಂಖ್ಯೆಯಿದು.

ಇಂತಹ ಮಹಾಸಂಖ್ಯೆಯ ಮುಂದೆ ಸಾಮಾನ್ಯನು ಬೆರಗಾಗಿ ನಿಲ್ಲುವನಲ್ಲದೆ ಅದರೊಡನೆ ಮಾತನಾಡಲಾರನೆಂದು ತಿಳಿಯಬಾರದು. ಅಂಕಗಳನ್ನು ಕೂಡಿಸಿ, ಬಂದುದನ್ನು ಮತ್ತೆ ಕೂಡಿಸಿ, ಒಂದೇ ಅಂಕ ಉಳಿಯುವವರೆಗೆ ಇಳಿಸಿದರೆ ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಸಿಕ್ಕುತ್ತದೆ. ಒಂಬತ್ತೇ ಉಳಿದರೆ ಶೇಷವಿಲ್ಲವೆಂದು ತಿಳಿಯತಕ್ಕದ್ದು. ಶಕುಂತಲಾ ದೇವಿಯವರಿಗೆ ಕೊಟ್ಟ ಮೊದಲ ಸಂಖ್ಯೆಯ ಅಂಕಗಳ ಮೊತ್ತ 78, ಅದು 15, ಅದು 6. ಎರಡನೆಯದರ ಮೊತ್ತ 74, ಅದು 11, ಅದು 2. ಆರೆರಡಲೆ ಹನ್ನೆರಡು, ಅದು 3. ಅವರ ಉತ್ತರದ ಇಪ್ಪತ್ತಾರು ಅಂಕಗಳ ಮೊತ್ತ 138, ಅದು 12, ಅದೂ 3. ಹೀಗೆ ಮೂರಕ್ಕೆ ಮೂರು ಕೂಡಿದ ಮಾತ್ರಕ್ಕೆ ಉತ್ತರವು ಪೂರ್ತಿಯಾಗಿ ಸಿದ್ಧವಾಯಿತೆಂದಲ್ಲ. ಆದರೆ ಕೂಡದಿದ್ದರೆ ತಪ್ಪೆಂಬುದು ನಿಶ್ಚಯ. ಎರಡನೆಯ ಇಯತ್ತೆಯ ಮಗುವು ಮಾಡಬಲ್ಲ ಸಂಕಲನದಿಂದ ಇಪ್ಪತ್ತಾರು ಅಂಕಗಳ ಸಂಖ್ಯೆಯೊಂದರ ಒಳಗುಣವು ಹೊರಬೀಳುತ್ತದೆ. ಸಂಖ್ಯೆಯ ಹಿರಿಮೆಯು ಅದರ ಗಾತ್ರದಲ್ಲಿಲ್ಲ, ಅದರ ಕಟ್ಟಡದಲ್ಲಿದೆ. ಆ ಕಟ್ಟಡವನ್ನು ಕಾಣುವ ಅಧಿಕಾರವು ತಾಳ್ಮೆಯಿಂದ ನೋಡಬಲ್ಲ ಪ್ರತಿಯೊಬ್ಬನಿಗೂ ಇದೆ. ಈ ಒಂದು ಮಾತನ್ನು ನಿರೂಪಿಸುವುದಕ್ಕಾಗಿಯೇ ನಾನು ಆಚಾರ್ಯನ ಸಂಖ್ಯೆಯನ್ನು ಆರಿಸಿಕೊಂಡಿರುವುದು.

ಈಗ ಪಾಟಿಯ ಕಡೆಗೆ ಬರೋಣ. ಆರು ಒಂದುಗಳನ್ನು ಸಾಲಾಗಿ ಬರೆದರೆ 111111 ಆಯಿತು. ಇದನ್ನು ಇದರಿಂದಲೇ ಗುಣಿಸಬೇಕು. ಮಹಾವೀರಾಚಾರ್ಯನ ಕಾಲದಲ್ಲಿ ಗುಣ್ಯ ಗುಣಕಗಳನ್ನು ಬಾಗಿಲಿನ ಕದಗಳಂತೆ ಹೊಂದಿಸಿಟ್ಟು, ಒಂದನ್ನು ಸ್ಥಾನದಿಂದ ಸ್ಥಾನಕ್ಕೆ ಸರಿಸುತ್ತ ಗುಣಿಸುವ ಕಪಾಟಸಂಧಿಯೆಂಬ ವಿಧಾನವು ಬಳಕೆಯಲ್ಲಿತ್ತು. ನಾವು ಶಾಲೆಯಲ್ಲಿ ಕಲಿತ ವಿಧಾನವೂ ತತ್ತ್ವತಃ ಅದೇ. ಒಂದರಿಂದ ಗುಣಿಸುವುದರಿಂದ ಪ್ರತಿ ಸಾಲಿನಲ್ಲಿಯೂ ಆರು ಒಂದುಗಳೇ ಬರುತ್ತವೆ; ಪ್ರತಿಯೊಂದು ಸಾಲೂ ತನ್ನ ಮೇಲಿನ ಸಾಲಿಗಿಂತ ಒಂದು ಸ್ಥಾನ ಎಡಕ್ಕೆ ಸರಿದು, ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಅರೆಬರೆಯಾಗಿ ಒರಗುತ್ತದೆ. ಆರು ಸಾಲುಗಳನ್ನು ಬರೆದು ಮುಗಿಸಿ ಬಲತುದಿಯಿಂದ ಕೂಡಿಸುತ್ತ ಬಂದರೆ, ಮೊದಲ ಕಂಬಸಾಲಿನಲ್ಲಿ ಒಂದೇ ಒಂದು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ಹೀಗೆ ಆರನೆಯದರಲ್ಲಿ ಆರೂ ಸಾಲುಗಳು ಕೂಡಿ ಆರು. ಅಲ್ಲಿಂದಾಚೆಗೆ ಕೆಳಗಿನ ಸಾಲುಗಳು ಮಾತ್ರ ಚಾಚಿಕೊಂಡಿರುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ದಶಕವು ಎಲ್ಲಿಯೂ ಮೇಲಕ್ಕೇರುವ ಪ್ರಸಂಗವೇ ಬರಲಿಲ್ಲ. 12345654321 ಎಂಬುದು 111111ರ ವರ್ಗವೆಂಬುದು ಹೀಗೆ ಕಣ್ಣಿಗೇ ಕಾಣಿಸಿತು. ಏರಿಳಿತದ ಆ ಸೊಬಗು ಹೊರಗಿನಿಂದ ಹಚ್ಚಿದ ಬಣ್ಣವಲ್ಲ. ಸಮಾನವಾದ ಆರು ಸಾಲುಗಳು ಸರಿದು ನಿಂತುದರ ಅನಿವಾರ್ಯವಾದ ಫಲ.

ಈ ಸೊಬಗಿಗೆ ಒಂದು ಮೇರೆಯೂ ಉಂಟು. ಒಂಬತ್ತು ಒಂದುಗಳ ವರ್ಗವು 12345678987654321. ಇಲ್ಲಿಯವರೆಗೂ ಸೌಷ್ಠವ ಕೆಡಲಿಲ್ಲ. ಹತ್ತು ಒಂದುಗಳ ವರ್ಗವನ್ನು ಮಾಡಹೊರಟರೆ ನಡುವಣ ಕಂಬಸಾಲಿನಲ್ಲಿ ಹತ್ತು ಕೂಡುತ್ತದೆ. ಸೊನ್ನೆಯನ್ನು ಬರೆದು ಒಂದನ್ನು ಎಡಕ್ಕೆ ಕಳುಹಬೇಕು. ಅಲ್ಲಿದ್ದ ಒಂಬತ್ತು ಹತ್ತಾಗಿ ಮತ್ತೊಂದು ಸೊನ್ನೆ. ಅದರಾಚೆಯ ಎಂಟು ಒಂಬತ್ತಾಗಿ ನಿಲ್ಲುತ್ತದೆ. ಬರುವ ಉತ್ತರ 1234567900987654321. ಏರುವ ಕಡೆಯಲ್ಲಿ ಎಂಟು ಮರೆಯಾಯಿತು. ಮಹಾವೀರಾಚಾರ್ಯನು ಹೇಳಿದ ಇನ್ನೊಂದು ಲೆಕ್ಕದಲ್ಲಿಯೂ ಎಂಟಿಲ್ಲ: 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲಾದ 111111111 ದೊರೆಯುತ್ತದೆ. ಎರಡು ಕಡೆಯಲ್ಲಿಯೂ ಎಂಟು ಕಾಣೆಯಾಗಲು ಕಾರಣ ಒಂದೇ. ಹತ್ತಾದೊಡನೆ ಒಂದು ಎಡಕ್ಕೆ ಸಲ್ಲಬೇಕೆಂಬ ಸ್ಥಾನಪದ್ಧತಿಯ ನಿಯಮ.

ಇನ್ನು ಸಂಖ್ಯೆಯ ಒಳಹೊಕ್ಕು ಅದರ ಅಪವರ್ತನಗಳನ್ನು ಪರಿಶೀಲಿಸೋಣ. ಮೊದಲು ಹನ್ನೊಂದು ಅಂಕಗಳನ್ನು ಕೂಡಿಸಿರಿ. ಮೊತ್ತ 36, ಎಂದರೆ ಆರರ ವರ್ಗ. ಆರು ಸಾಲುಗಳಲ್ಲಿ ಆರಾರು ಒಂದುಗಳಿದ್ದವಷ್ಟೆ. ದಶಕವೇರದಿದ್ದುದರಿಂದ ಅವು ಒಂದೂ ನಷ್ಟವಾಗದೆ ಉಳಿದಿವೆ. 36 ಒಂಬತ್ತರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವುದರಿಂದ ಸಂಖ್ಯೆಯೂ ಹಾಗೆಯೇ. ಆಮೇಲೆ ಬಲದಿಂದ ಮೂರು ಮೂರು ಅಂಕಗಳ ಗುಂಪುಗಳನ್ನಾಗಿ ಕತ್ತರಿಸಿರಿ: 321, 654, 345, 12. ಮೊದಲನೆಯದನ್ನೂ ಮೂರನೆಯದನ್ನೂ ಕೂಡಿಸಿದರೆ 666. ಎರಡನೆಯದನ್ನೂ ನಾಲ್ಕನೆಯದನ್ನೂ ಕೂಡಿಸಿದರೆ ಅದೂ 666. ಅಂತರ ಸೊನ್ನೆ. ಹೀಗೆ ಒಂದುಬಿಟ್ಟು ಒಂದರಂತೆ ಕೂಡಿಸಿದ ಮೊತ್ತಗಳ ಅಂತರವು ಸೊನ್ನೆಯಾದರೆ ಸಂಖ್ಯೆಯು 1001ರಿಂದ ಭಾಗಿಸಲ್ಪಡುತ್ತದೆಂಬುದು ನಿಯಮ. 1001 ಎಂದರೆ 7, 11, 13 ಇವುಗಳ ಗುಣಲಬ್ಧ. ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯ ಸಂಖ್ಯೆಗಳು ಸಿಕ್ಕಿದವು. ಈಗ ಅದೇ ನಾಲ್ಕು ಗುಂಪುಗಳನ್ನು ವ್ಯತ್ಯಾಸವಿಲ್ಲದೆ ಕೂಡಿಸಿ ನೋಡಿರಿ: 1332. ಇದು 36 ಮತ್ತು 37 ಇವುಗಳ ಗುಣಲಬ್ಧ. ಹಿಂದೆ ಕಂಡ ಮೂವತ್ತಾರು ಇಲ್ಲಿ ಮತ್ತೆ ಬಂದುದೇಕೆಂದರೆ, ಗುಂಪುಗಳ ಏಕಸ್ಥಾನದ ಅಂಕಗಳ ಮೊತ್ತ ಹನ್ನೆರಡು, ದಶಸ್ಥಾನದವುಗಳ ಮೊತ್ತ ಹನ್ನೆರಡು, ಶತಸ್ಥಾನದವುಗಳ ಮೊತ್ತವೂ ಹನ್ನೆರಡು. ಹನ್ನೆರಡು ನೂರಹನ್ನೊಂದುಗಳು ಸೇರಿ 1332 ಆಯಿತು, ನೂರಹನ್ನೊಂದು ಎಂದರೆ ಮೂರು ಮೂವತ್ತೇಳು. ಹೀಗಾಗಿ 37 ಕೂಡ ನಮ್ಮ ಸಂಖ್ಯೆಯ ಅಪವರ್ತನವೆಂದು ಸಿದ್ಧಿಸಿತು. ಆರು ಒಂದುಗಳ ಸಾಲೆಂದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗವಾದ ನಮ್ಮ ಸಂಖ್ಯೆಯಲ್ಲಿ ಇವು ಒಂದೊಂದೂ ಎರಡೆರಡು ಸಲ ಕುಳಿತಿವೆ.

ಆಚಾರ್ಯನು ಒಂದುಗಳ ಸಾಲನ್ನು ಆರಕ್ಕೆ ನಿಲ್ಲಿಸಿದುದರ ಮರ್ಮವು ಇಲ್ಲಿ ಬೆಳಕಿಗೆ ಬರುತ್ತದೆ. ಐದು ಒಂದುಗಳನ್ನು ತೆಗೆದುಕೊಂಡರೆ ಅದು 41 ಮತ್ತು 271 ಎಂಬ ಎರಡೇ ಅವಿಭಾಜ್ಯಗಳ ಗುಣಲಬ್ಧ. ಏಳು ಒಂದುಗಳಾದರೆ 239 ಮತ್ತು 4649 ಎಂಬ ಎರಡು. ಅವುಗಳ ವರ್ಗಗಳೂ ಏರಿ ಇಳಿಯುವ ಸಂಖ್ಯೆಗಳೇ; ಆದರೆ ಅವುಗಳನ್ನು ಒಡೆದು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಲೆಕ್ಕಗಳನ್ನು ಕಟ್ಟಲು ಎಡೆಯಿಲ್ಲ. ಆರರಲ್ಲಿ ಆ ಸಮೃದ್ಧಿಯುಂಟು. ಮೂರನ್ನೂ ಏಳನ್ನೂ ಒಂದು ಕಡೆಗೆ ತೆಗೆದರೆ 21, ಅದರ ವರ್ಗ 441. ಹನ್ನೊಂದು, ಹದಿಮೂರು, ಮೂವತ್ತೇಳುಗಳನ್ನು ಇನ್ನೊಂದು ಕಡೆಗೆ ತೆಗೆದರೆ 5291, ಅದರ ವರ್ಗ 27994681. ಪ್ರತ್ಯುತ್ಪನ್ನವೆಂದು ತಾನು ಕರೆಯುವ ಗುಣಾಕಾರ ಪ್ರಕರಣದಲ್ಲಿ ಮಹಾವೀರಾಚಾರ್ಯನು ವಿದ್ಯಾರ್ಥಿಯ ಮುಂದಿಡುವ ಪ್ರಶ್ನೆ ಇದೇ: 27994681ನ್ನು 441ರಿಂದ ಗುಣಿಸು. ಅಂದಚೆಂದವಿಲ್ಲದ ಎರಡು ಸಂಖ್ಯೆಗಳನ್ನು ಪಡೆದ ಶಿಷ್ಯನು ಮೌನವಾಗಿ ಗುಣಿಸುತ್ತ ಹೋಗಿ, ಕೊನೆಯಲ್ಲಿ ಒಂದರಿಂದ ಆರಕ್ಕೇರಿ ಆರರಿಂದ ಒಂದಕ್ಕಿಳಿಯುವ ಉತ್ತರವನ್ನು ಕಂಡಾಗ, ಲೆಕ್ಕವು ಸರಿಯಾಯಿತೆಂದು ಗುರುವು ಬಂದು ಹೇಳಬೇಕಾಗಿಲ್ಲ. ಉತ್ತರದ ರೂಪವೇ ಅದನ್ನು ಹೇಳುತ್ತದೆ. ಇಂತಹವು ಆ ಪ್ರಕರಣದಲ್ಲಿ ಇನ್ನೂ ಇವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕಂಠಿಕೆಗಳೆಂದು, ಅರಸನ ಕೊರಳಿಗೆ ಒಪ್ಪುವ ಆಭರಣಗಳೆಂದು ಬಣ್ಣಿಸುತ್ತಾನೆ. ಎರಡು ತುದಿಗಳಿಂದಲೂ ಒಂದೇ ತೆರನಾಗಿ ಪೋಣಿಸಿದ ಮಣಿಗಳ ಸರವು ನಡುವಣ ಪದಕದ ಇಕ್ಕೆಲಗಳಲ್ಲಿಯೂ ಸಮನಾಗಿ ಇಳಿಬೀಳುವಂತೆ ಈ ಅಂಕಗಳೂ ನಿಂತಿವೆ. ಮಕ್ಕಳಿಗೆ ಗುಣಾಕಾರದ ಅಭ್ಯಾಸವನ್ನು ಮಾಡಿಸುವುದಕ್ಕಾಗಿ ಇಷ್ಟು ಪರಿಶ್ರಮದಿಂದ ಲೆಕ್ಕಗಳನ್ನು ಕಟ್ಟಿದ ಗುರುವು ಎಂತಹ ಶಿಷ್ಯವತ್ಸಲನಿದ್ದಿರಬೇಕು!

ಭಾಜಕಗಳ ವಿಚಾರಕ್ಕೆ ಬಂದರೆ ಸಂಖ್ಯೆಯ ಮತ್ತೊಂದು ಸ್ವಭಾವವು ತೋರುತ್ತದೆ. ಐದು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಒಂದೊಂದಕ್ಕೂ ಮೂರು ಬಗೆಯಂತೆ ಐದು ಸಲ ಮೂರನ್ನು ಗುಣಿಸಿದರೆ 243. ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು ಇನ್ನೂರ ನಲವತ್ತಮೂರು. ಭಾಜಕಗಳು ಯಾವಾಗಲೂ ಜೋಡಿಜೋಡಿಯಾಗಿ ಬರುತ್ತವೆ. ಇಲ್ಲಿ ಒಂದು ಮಾತ್ರ ಜೋಡಿಯಿಲ್ಲದೆ ಉಳಿಯುವುದು, ಅದು 111111, ತನಗೆ ತಾನೇ ಜೋಡಿಯಾದ ವರ್ಗಮೂಲ. ಪ್ರಾಚೀನ ಗ್ರೀಕರಲ್ಲಿ ನಿಕೋಮೇಕಸನೆಂಬ ಪಂಡಿತನು, ಒಂದು ಸಂಖ್ಯೆಯ ಭಾಜಕಗಳನ್ನು ಅದನ್ನೊಂದು ಬಿಟ್ಟು ಕೂಡಿಸಿದಾಗ ಬರುವ ಮೊತ್ತವು ಆ ಸಂಖ್ಯೆಗಿಂತ ಕಡಮೆಯಾದರೆ ಊನವೆಂದೂ, ಸಮವಾದರೆ ಪೂರ್ಣವೆಂದೂ, ಮೀರಿದರೆ ಅಧಿಕವೆಂದೂ ಸಂಖ್ಯೆಗಳನ್ನು ವಿಂಗಡಿಸಿದನು. ಆರು ಪೂರ್ಣಸಂಖ್ಯೆ, ಒಂದು, ಎರಡು, ಮೂರು ಕೂಡಿದರೆ ಆರೇ ಆಗುತ್ತದೆ. ಬೆಸಸಂಖ್ಯೆಗಳಲ್ಲಿ ಅಧಿಕಗಳು ವಿರಳ. ಎಲ್ಲಕ್ಕಿಂತ ಚಿಕ್ಕದನ್ನು ಕಾಣಬೇಕಾದರೂ 945ರವರೆಗೆ ಹೋಗಬೇಕು. 111111ನ್ನು ಈ ಒರೆಗೆ ಹಚ್ಚಿದರೆ ಭಾಜಕಗಳ ಮೊತ್ತ 93177 ಮಾತ್ರವಾಗಿ, ಅದು ಊನಸಂಖ್ಯೆಯೆಂದು ತಿಳಿಯುತ್ತದೆ. ಅದರ ವರ್ಗವನ್ನು ಒರೆಗೆ ಹಚ್ಚಿದರೆ ಮೊತ್ತವು 13029870672 ಆಗಿ ಸಂಖ್ಯೆಯನ್ನು ಮೀರುತ್ತದೆ. ಮೂಲವು ಊನ, ವರ್ಗವು ಅಧಿಕ. ತನ್ನಿಂದಲೇ ತಾನು ಗುಣಿತವಾದಾಗ ಕೊರತೆಯು ಕಳೆದು ಸಮೃದ್ಧಿಯು ಒದಗಿದ ಈ ಸಂಗತಿಯು, ಲೆಕ್ಕವನ್ನು ಕೊನೆಮುಟ್ಟಿಸಿದವನಿಗೆ ಕೊಡುವ ಸಂತೋಷವು ಸಾಮಾನ್ಯವಾದುದಲ್ಲ.

ಇನ್ನು ಕ್ಷೇತ್ರಗಣಿತದ ದೃಷ್ಟಿಯಿಂದ ನೋಡೋಣ. ಆಯತದ ಎರಡು ಭುಜಗಳ ವರ್ಗಗಳನ್ನು ಕೂಡಿಸಿದರೆ ಕರ್ಣದ ವರ್ಗವಾಗುತ್ತದೆಂಬುದು ಪ್ರಸಿದ್ಧವಾದುದು. ಕರ್ಣವು ಗೊತ್ತಿದ್ದಾಗ ಪೂರ್ಣಾಂಕದ ಭುಜಗಳನ್ನು ಹುಡುಕುವ ವಿಧಾನವನ್ನು ಮಹಾವೀರಾಚಾರ್ಯನು ಬೋಧಿಸಿರುವನು. 65 ಕರ್ಣವಾಗಿರುವ ನಾಲ್ಕು ಆಯತಗಳನ್ನು, ಎಂದರೆ 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63 ಭುಜಗಳಾಗಿರುವವನ್ನು, ಕೊಟ್ಟಿರುವನು. ಎರಡು ಬೀಜಸಂಖ್ಯೆಗಳನ್ನು ಹಿಡಿದು, ಅವುಗಳ ವರ್ಗಗಳ ಅಂತರವನ್ನು ಒಂದು ಭುಜವನ್ನಾಗಿಯೂ, ಅವುಗಳ ಗುಣಲಬ್ಧದ ಇಮ್ಮಡಿಯನ್ನು ಮತ್ತೊಂದು ಭುಜವನ್ನಾಗಿಯೂ, ವರ್ಗಗಳ ಮೊತ್ತವನ್ನು ಕರ್ಣವನ್ನಾಗಿಯೂ ಇಟ್ಟುಕೊಳ್ಳುವುದು ಇದರ ಕ್ರಮ. ಈ ಉಪಾಯವನ್ನು ಅವನದೇ ಕಂಠಿಕೆಯ ಮೇಲೆ ಪ್ರಯೋಗಿಸೋಣ. ಆರು ಮತ್ತು ಒಂದನ್ನು ಬೀಜವಾಗಿಟ್ಟುಕೊಂಡರೆ ಭುಜಗಳು 35 ಮತ್ತು 12, ಕರ್ಣ 37. ಈ ಮೂವತ್ತೇಳು ನಮ್ಮ ಐದು ಅವಿಭಾಜ್ಯಗಳಲ್ಲಿ ಒಂದಷ್ಟೆ. ಉಳಿದ ನಾಲ್ಕರ ಗುಣಲಬ್ಧ 3003. ಮೂರನ್ನೂ 3003ರಿಂದ ಗುಣಿಸಿದರೆ ಭುಜಗಳು 105105 ಮತ್ತು 36036, ಕರ್ಣ 111111. ಎಂದರೆ 36036ರ ವರ್ಗವಾದ 1298593296ನ್ನೂ 105105ರ ವರ್ಗವಾದ 11047061025ನ್ನೂ ಕೂಡಿಸಿದರೆ 12345654321 ಬರತಕ್ಕದ್ದು. ದಯಮಾಡಿ ಒಂದರ ಕೆಳಗೊಂದು ಬರೆದು ಕೂಡಿಸಿರಿ. ಯಾವ ಸೊಬಗೂ ಇಲ್ಲದ ಎರಡು ಅಂಕರಾಶಿಗಳು ಕೂಡಿ, ಹಲವು ಸ್ಥಾನಗಳಲ್ಲಿ ದಶಕವೇರಿ, ಕೊನೆಗೆ ಆ ನಿರ್ದುಷ್ಟವಾದ ಮಾಲೆಯಾಗಿ ನಿಲ್ಲುವುದನ್ನು ನೋಡುವಿರಿ. ಇಂತಹ ಆಯತಗಳು 111111ಕ್ಕೂ ನಾಲ್ಕೇ ನಾಲ್ಕು. ಉಳಿದ ಮೂರರ ಭುಜಗಳು 42735 ಮತ್ತು 102564, 73689 ಮತ್ತು 83160, 7161 ಮತ್ತು 110880. ಅರವತ್ತೈದಕ್ಕೂ ಇದಕ್ಕೂ ನಾಲ್ಕೇ ಆಯತಗಳಿರುವುದು ಆಕಸ್ಮಿಕವಲ್ಲ. ಬೆಸ ಅವಿಭಾಜ್ಯಗಳಲ್ಲಿ ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವವು ಮಾತ್ರ ಎರಡು ವರ್ಗಗಳಾಗಿ ಒಡೆಯಬಲ್ಲವು. 65ರಲ್ಲಿ ಅಂತಹವು 5 ಮತ್ತು 13, ನಮ್ಮ ಸಂಖ್ಯೆಯಲ್ಲಿ 13 ಮತ್ತು 37, ಎರಡೆರಡೇ.

ಮಹಾವೀರಾಚಾರ್ಯನು ಗಣಿತವನ್ನು ಲೋಕದಿಂದ ಬೇರ್ಪಡಿಸಿ ನೋಡಿದವನಲ್ಲ. ಲೌಕಿಕ ವೈದಿಕ ವ್ಯಾಪಾರಗಳಿಂದ ಹಿಡಿದು ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸುಗಳವರೆಗೆ ಎಲ್ಲದರಲ್ಲಿಯೂ ಗಣಿತಕ್ಕೆ ಪ್ರಯೋಜನವುಂಟೆಂದು ಗ್ರಂಥದ ಆರಂಭದಲ್ಲಿಯೇ ಅವನು ಸಾರುತ್ತಾನೆ. ಆದರೂ ಪ್ರಯೋಜನವನ್ನೆಣಿಸದ ಕಂಠಿಕೆಗಳಿಗೂ ತನ್ನ ಗ್ರಂಥದಲ್ಲಿ ಎಡೆ ಕೊಟ್ಟನೆಂಬುದು ಅವನ ಬುದ್ಧಿಯ ಔದಾರ್ಯಕ್ಕೆ ಸಾಕ್ಷಿ. ಆ ಗ್ರಂಥವು ನಾಡಿನಲ್ಲಿ ಬೇರುಬಿಟ್ಟಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಗ್ರಂಥಗಳನ್ನು ರಚಿಸಿ ಗಣಿತವು ಕನ್ನಡದಲ್ಲಿಯೇ ಮಾತನಾಡುವಂತೆ ಮಾಡಿದನು. ಕನ್ನಡ ಲಿಪಿಯ ತಾಡವೋಲೆಗಳಲ್ಲಿ, ಕನ್ನಡ ಟೀಕೆಯೊಡನೆ, ‘ಗಣಿತಸಾರಸಂಗ್ರಹ’ವು ಶತಮಾನಗಳ ಕಾಲ ಉಳಿದುಬಂದಿತು, ಅಂತಹ ಪ್ರತಿಗಳನ್ನು ಸೋಸಿ ನೋಡಿದ ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಭಾಷಾಂತರ ಸಹಿತವಾಗಿ ಅದನ್ನು ಅಚ್ಚುಹಾಕಿಸಿದ ಮೇಲೆ ಪಾಶ್ಚಾತ್ಯ ವಿದ್ವಾಂಸರೂ ಈ ಕಂಠಿಕೆಗಳನ್ನು ಕಂಡು ಬೆಲೆಯರಿತರು. ಪದ್ಮಾವತಮ್ಮನವರ ಪ್ರಯತ್ನದಿಂದ ಈಗ ಕನ್ನಡ ಅನುವಾದವೂ ನಮ್ಮ ಕೈಗೆ ಬಂದಿದೆ.

ಒಂದುಗಳ ಸಾಲೆಂಬುದು ಹಳೆಯ ಗ್ರಂಥದಲ್ಲಿ ಮುಗಿದುಹೋದ ವಿಷಯವೆಂದು ಮಾತ್ರ ಯಾರೂ ಎಣಿಸಬಾರದು. ಸಾಲಿನಲ್ಲಿರುವ ಒಂದುಗಳ ಲೆಕ್ಕವು ಆರು, ಎಂಟು, ಒಂಬತ್ತರಂತೆ ಒಡೆಯತಕ್ಕ ಸಂಖ್ಯೆಯಾದರೆ ಸಾಲೂ ಒಡೆಯುತ್ತದೆ. ಆರು ಒಂದುಗಳನ್ನು 11ರ ಗುಂಪುಗಳಾಗಿಯೂ 111ರ ಗುಂಪುಗಳಾಗಿಯೂ ಕತ್ತರಿಸಬಹುದಾದುದೇ ಇದಕ್ಕೆ ಉದಾಹರಣೆ. ಲೆಕ್ಕವು ಐದು, ಏಳರಂತೆ ಅವಿಭಾಜ್ಯವಾದರೂ ಸಾಲು ಒಡೆಯಬಹುದೆಂಬುದನ್ನು ಈಗಾಗಲೇ ಕಂಡೆವು. ಹಾಗಾದರೆ ಒಡೆಯದೆ ನಿಲ್ಲುವ ಸಾಲುಗಳು ಯಾವುವು? ಎರಡು ಒಂದುಗಳ 11 ಒಡೆಯದು. ಆಮೇಲೆ ಹತ್ತೊಂಬತ್ತು ಒಂದುಗಳ ಸಾಲು, ಅದರಾಚೆಗೆ ಇಪ್ಪತ್ತಮೂರು ಒಂದುಗಳ ಸಾಲು ಅವಿಭಾಜ್ಯಗಳು. ಆಚಾರ್ಯನ ಸ್ಥಾನನಾಮಗಳಲ್ಲಿ ಹೇಳುವುದಾದರೆ ಒಂದು ಶಂಖದಲ್ಲಿಯೂ ಇನ್ನೊಂದು ಕ್ಷೋಭದಲ್ಲಿಯೂ ಮೊದಲಾಗುತ್ತವೆ, ಎರಡೂ ಅವನ ಇಪ್ಪತ್ತನಾಲ್ಕು ಸ್ಥಾನಗಳೊಳಗೇ ಅಡಗುತ್ತವೆ. ಅಲ್ಲಿಂದ ಮುಂದಿನದು 317 ಒಂದುಗಳ ಸಾಲು, ಅದಕ್ಕೂ ಮುಂದಿನದು 1031 ಒಂದುಗಳ ಸಾಲು; ಇವು ಅವಿಭಾಜ್ಯಗಳೆಂದು ಸಿದ್ಧಪಡಿಸಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಗಣಕಯಂತ್ರಗಳು ಬೇಕಾದವು. ಇಂತಹ ಸಾಲುಗಳು ಎಲ್ಲಿಯಾದರೂ ಮುಗಿಯುತ್ತವೆಯೋ, ಕೊನೆಯಿಲ್ಲದೆ ಬರುತ್ತಲೇ ಇರುತ್ತವೆಯೋ ಎಂಬುದನ್ನು ಜಗತ್ತಿನ ಯಾವ ಗಣಿತಜ್ಞನೂ ಇನ್ನೂ ಸಿದ್ಧಪಡಿಸಿಲ್ಲ. ಮಗುವು ಮೊತ್ತಮೊದಲು ಬರೆಯಲು ಕಲಿಯುವ ಅಂಕವನ್ನೇ ಸಾಲಾಗಿ ಬರೆದುದರಲ್ಲಿ ಇಷ್ಟು ಗಹನವಾದ ಪ್ರಶ್ನೆಯಿದೆ.

ಆದಕಾರಣ ಹಂಸಭಾವಿಯ, ಹಾನಗಲ್ಲಿನ, ಶಿಗ್ಗಾವಿಯ, ಸವಣೂರಿನ ಶಾಲೆಗಳ ಉಪಾಧ್ಯಾಯರಲ್ಲಿ ನನ್ನ ವಿನಂತಿ ಒಂದೇ. ಮಗ್ಗಿಯನ್ನು ಬಾಯಿಪಾಠ ಮಾಡಿಸಿರಿ, ವೇಗವನ್ನೂ ಕಲಿಸಿರಿ. ಆದರೆ ವಾರದಲ್ಲೊಂದು ದಿನವಾದರೂ ಮಕ್ಕಳಿಗೆ ಒಂದು ದೊಡ್ಡ ಸಂಖ್ಯೆಯನ್ನು ಕೊಟ್ಟು, ಅದರಿಂದ ಏನನ್ನೂ ಕೊಳ್ಳದೆ, ಏನನ್ನೂ ಮಾರದೆ, ಅದು ಹೇಗೆ ಕಟ್ಟಲ್ಪಟ್ಟಿದೆಯೆಂಬುದನ್ನು ಮಾತ್ರ ನೋಡುವುದಕ್ಕೆ ಅವಕಾಶ ಮಾಡಿಕೊಡಿರಿ. ಕೂಡಿಸಲಿ, ಕತ್ತರಿಸಲಿ, ಗುಂಪುಮಾಡಲಿ, ಒಡೆಯಲಿ. ಸಿಕ್ಕಿದ ಗುಣವನ್ನು ಏಕೆಂದು ಕೇಳಲಿ. ಇಪ್ಪತ್ತೊಂದರ ವರ್ಗದಿಂದ ಆರಂಭಿಸಿ ಕಂಠಿಕೆಯನ್ನು ಪೋಣಿಸಿದ ಆಚಾರ್ಯನ ನಾಡಿನ ಮಕ್ಕಳಿಗೆ ಆ ಹಕ್ಕು ಸಾವಿರದ ನೂರು ವರ್ಷಗಳಿಗೂ ಹಿಂದಿನಿಂದ ಬಂದ ಪಿತ್ರಾರ್ಜಿತವಾದುದು. ಅದನ್ನು ಅವರಿಗೆ ತಲುಪಿಸುವ ಹೊಣೆ ನಮ್ಮದು.